ಚುಕ್ಕಿ ಎಲ್ಲಿ ಹೋಯ್ತು? ಸ್ವರಲಿಪಿ ಹುಡುಕಿದ ಕಥೆ

ಪಿಟೀಲು ಪಾಠಕ್ಕೆ ಮೈಸೂರು ವಾಸುದೇವಾಚಾರ್ಯರು ರಚಿಸಿದ ಖಮಾಚ್ ರಾಗದ ಕೀರ್ತನೆಯ ಸ್ವರಲಿಪಿ, ಅಂದರೆ ಸ್ವರಗಳನ್ನು ಬರೆದಿಟ್ಟ ಪುಟ, ಬೇಕಿತ್ತು. ಅವರ ಊರಲ್ಲೇ ಇದ್ದೇನೆ, ಸಿಗದೆ ಏನು ಅಂದುಕೊಂಡೆ. ಮೂರು ವಾರ ಹಿಡಿಯಿತು.

ಮೊದಲು ಗ್ರಂಥಾಲಯದ ಕಂಪ್ಯೂಟರ್. ‘ಸ್ವರಲಿಪಿ’ ಅಂತ ಹಾಕಿದರೆ ಸೊನ್ನೆ. ‘ಸಂಗೀತ’ ಅಂದರೆ ರಾಶಿ ರಾಶಿ. ಒಂದು ದಾಖಲೆಯಲ್ಲಿ ವಾಸುದೇವಾಚಾರ್, ಇನ್ನೊಂದರಲ್ಲಿ ವಾಸುದೇವಾಚಾರ್ಯ. ಎರಡನ್ನೂ ಹಾಕಿ ನೋಡಬೇಕು. ಕ್ಯಾಟಲಾಗಿಗೆ ಗೊತ್ತಿರುವುದು ಪುಸ್ತಕದ ಹೆಸರು ಮಾತ್ರ, ಒಳಗಿರುವ ಕೀರ್ತನೆಗಳಲ್ಲ. ಕೊನೆಗೆ ಕಪಾಟಿನ ಹತ್ತಿರವೇ ಹೋದೆ. ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ಪದ್ಧತಿಯಲ್ಲಿ ಸಂಗೀತಕ್ಕೆ 780. ಅಲ್ಲಿ ನಿಂತು ಪರಿವಿಡಿ ತಿರುವಿದಾಗಲೇ ಪುಸ್ತಕ ಸಿಕ್ಕಿತು. ಆದರೆ ಮನೆಗೆ ಕೊಡಲ್ಲ, ಅಲ್ಲೇ ಓದಬೇಕು ಅಂದರು.

ಆಮೇಲೆ ಇಂಟರ್ನೆಟ್ ಆರ್ಕೈವ್ ಅನ್ನುವ ಜಾಲತಾಣ. ಹಳೆಯ ಪುಸ್ತಕಗಳ ಸ್ಕ್ಯಾನ್‌ಗೆ ಇದು ಚಿನ್ನದ ಗಣಿ. ಸುಬ್ಬರಾಮ ದೀಕ್ಷಿತರ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ಯಂಥ 1904ರ ಹೊತ್ತಗೆಯನ್ನೂ ಮನೆಯಲ್ಲೇ ಕೂತು ತೆರೆಯಬಹುದು. ಅದು ತೆಲುಗು ಲಿಪಿ, ಆದರೂ ನಮಗೆ ಅಷ್ಟೇನೂ ಕಷ್ಟವಿಲ್ಲ. ತೊಂದರೆ ಬೇರೆ. ಸ್ವರದ ಮೇಲೆ ಚುಕ್ಕಿ ಇದ್ದರೆ ತಾರ, ಅಂದರೆ ಮೇಲಿನ ಸ್ಥಾಯಿ; ಕೆಳಗಿದ್ದರೆ ಮಂದ್ರ, ಅಂದರೆ ಕೆಳಗಿನ ಸ್ಥಾಯಿ. ನಾನು ಇಳಿಸಿಕೊಂಡ ಒಂದು ಹಳೇ ಪುಟದಲ್ಲಿ ಧೂಳಿನ ಕಲೆಯೂ ಚುಕ್ಕಿಯೇ! ‘ಪ’ದ ಕೆಳಗಿನ ಕಲೆ ನಂಬಿ ಪಿಟೀಲಿನ ಮೂರನೇ ತಂತಿಗೆ, ಮಂದ್ರಕ್ಕೆ, ಇಳಿದೆ. ವಾರಪೂರ್ತಿ ಹಾಗೇ ನುಡಿಸಿದೆ. ಮೇಷ್ಟ್ರು ನಕ್ಕರು.

ಟೈಪ್ ಮಾಡಿದ ವೆಬ್ ಪುಟಗಳಲ್ಲಿ ಹುಡುಕುವುದು ಸಲೀಸು, ಮೊಬೈಲಿನಲ್ಲೂ ಚೆನ್ನಾಗಿ ಕಾಣುತ್ತದೆ. ಆದರೆ ನಾನು ನೋಡಿದ ಬಹುಪಾಲು ಪುಟಗಳಲ್ಲಿ ಚುಕ್ಕಿಯೇ ಮಾಯ. ಎರಡನೇ ಕಾಲ, ಅಂದರೆ ಇಮ್ಮಡಿ ವೇಗ, ತೋರಿಸುವ ಮೇಲ್ಗೆರೆಯೂ ಇಲ್ಲ. ಪಾಠ ಆದವರಿಗೆ ನೆನಪಿಗೆ ಸಾಕು, ಹೊಸದಾಗಿ ಕಲಿಯೋರಿಗೆ ಸುಮ್ನೆ ಗೊಂದಲ.

ಕೀಬೋರ್ಡ್ ಕಲಿಯುವ ಮಗಳಿಗೆ ಈ ಪಾಡೇ ಇಲ್ಲ, ಹೊಟ್ಟೆಕಿಚ್ಚಾಗುತ್ತದೆ. ಪಾಶ್ಚಾತ್ಯ ಸಂಗೀತದ ಸ್ವರಲಿಪಿಗಳನ್ನು ಕೂಡಿಟ್ಟ, 2006ರಲ್ಲಿ ಶುರುವಾದ ಐಎಂಎಸ್‌ಎಲ್‌ಪಿ ತಾಣದಲ್ಲಿ ಸಂಗೀತಗಾರನ ಹೆಸರು, ವಾದ್ಯ ಹೇಗೆ ಬೇಕಾದರೂ ಹುಡುಕಬಹುದು. ತನ್ನ ಮೂರನೇ ಪಿಯಾನೊ ಕಾನ್ಸರ್ಟೊವನ್ನು ನಮ್ಮ ಜಯಚಾಮರಾಜ ಒಡೆಯರಿಗೆ ಅರ್ಪಿಸಿದ ರಷ್ಯದ ಮೆಟ್ನರ್ ಕೂಡ ಅಲ್ಲಿದ್ದಾನೆ. ಅಲ್ಲಿ ಜಾಸ್ತಿ ಇರುವುದು ಪಿಡಿಎಫ್, ಅಂದರೆ ಬರೀ ಚಿತ್ರ. ಸ್ವರಲಿಪಿ ಬರೆಯುವ ತಂತ್ರಾಂಶವಾದ ಮ್ಯೂಸ್‌ಸ್ಕೋರ್‌ನ ಕಡತ ಸಿಕ್ಕರೆ ಇನ್ನೂ ಲೇಸು: ವೇಗ ತಗ್ಗಿಸಬಹುದು, ಶ್ರುತಿ ಬದಲಿಸಬಹುದು, ಕೇಳಲೂಬಹುದು. ಆದರೆ ನಮ್ಮ ಗಮಕ, ಅಂದರೆ ಸ್ವರದ ಓಲಾಟ, ಅದರ ಪಾಶ್ಚಾತ್ಯ ಲಿಪಿಯ ಐದು ಗೆರೆಯೊಳಗೆ ಕೂರುವುದಿಲ್ಲ. ಕೀರ್ತನೆಗೆ ಅದನ್ನು ನಾನು ಬಳಸಲಾರೆ.

ನನ್ನ ಮಟ್ಟಿಗೆ ಸ್ಕ್ಯಾನೇ ವಾಸಿ, ಗ್ರಂಥಾಲಯದ ಪುಸ್ತಕ ಪಕ್ಕದಲ್ಲಿದ್ದರೆ. ಆಚಾರ್ಯರು ತೀರಿಕೊಂಡದ್ದು 1961ರಲ್ಲಿ. ನಮ್ಮ ಹಕ್ಕುಸ್ವಾಮ್ಯ ಕಾನೂನಿನ, ತೀರಿಕೊಂಡ ಮೇಲೆ 60 ವರ್ಷದ ಲೆಕ್ಕದಲ್ಲಿ 2022ರಿಂದ ಅವರ ಕೃತಿಗಳು ಎಲ್ಲರಿಗೂ ಮುಕ್ತ. ಆದರೂ ಇತ್ತೀಚೆಗೆ ಬೇರೆಯವರು ಬರೆದ ಸ್ವರಲಿಪಿ ಬರೆದವರದೇ ಸೊತ್ತು, ಅಲ್ವಾ? ಅದಕ್ಕೇ ಹಳೆಯ ಮುದ್ರಣದ ಪುಟವನ್ನೇ ಪ್ರಿಂಟ್ ತೆಗೆದು ಗ್ರಂಥಾಲಯಕ್ಕೆ ಒಯ್ದೆ. ಅಲ್ಲಿ ಕೂತು ನಿಜವಾದ ಚುಕ್ಕಿಗಳಿಗೆಲ್ಲ ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕಿದೆ. ಧೂಳಿನ ಚುಕ್ಕಿ ಹನ್ನೊಂದು ಸಿಕ್ಕವು.