ತೋಟಕ್ಕೆ ಗಾಳಿ ಮೀಟರ್ ಹಾಕಿಸುವ ಮುಂಚೆ ಇದನ್ನು ಓದಿ

ಮೂಡಿಗೆರೆ ಸುತ್ತಮುತ್ತ ತೋಟ ಇರುವವರು ದಯವಿಟ್ಟು ಓದಿ. ಗಾಳಿ ಅಳೆಯುವ ಯಂತ್ರ ಹಾಕಿಕೊಡುತ್ತೇವೆ ಅಂತ ಬ್ಯಾಗ್ ಹಿಡಿದು ಬರುವವರಿಂದ ಹುಷಾರು. ನನಗೆ ಮಾರಿದ್ದು ಹಾಯಿದೋಣಿಯ ಕಂಬದ ತುದಿಗೆ ಹಾಕುವ ಸೆನ್ಸರ್. ಹೌದು, ಹಾಯಿದೋಣಿ! ಸಮುದ್ರ ಎಲ್ಲಿ, ನಮ್ಮ ಕಾಫಿ ಕಣ ಎಲ್ಲಿ?

ಗಾಳಿ ಲೆಕ್ಕ ಯಾಕೆ ಬೇಕು ಅಂತ ನಿಮಗೆ ಹೇಳಬೇಕಾಗಿಲ್ಲ. ಕಾಫಿ ಹೂ ಅರಳಿಸುವ ಹೂ ಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಹಾಕಬೇಕು, ಗಾಳಿ ಜೋರಾದರೆ ನೀರೆಲ್ಲ ಒಂದೇ ಪಕ್ಕಕ್ಕೆ. ಬೋರ್ಡೋ, ಅಂದರೆ ಮೈಲುತುತ್ತ-ಸುಣ್ಣದ ನೀಲಿ ಔಷಧಿ, ಹೊಡೆಸುವಾಗಲೂ ಅಷ್ಟೇ.

ಮಾರಿದವನು ಬೆಣ್ಣೆ ಮಾತಿನ ಮನುಷ್ಯ. "ಇಂಪೋರ್ಟೆಡ್ ಸಾರ್, ತುಕ್ಕು ಹಿಡಿಯಲ್ಲ." ಕಣದ ಶೆಡ್ಡಿನ ಮೇಲೆ ಗಿಡ್ಡ ಪೈಪ್ ನಿಲ್ಲಿಸಿದ. ಸೆನ್ಸರಿನ ಉದ್ದ ಕಡ್ಡಿಯನ್ನು ಗೇಟಿನ ಕಡೆ, ಅಂದರೆ ದಕ್ಷಿಣಕ್ಕೆ, ಮುಖ ಮಾಡಿ ಬಿಗಿದ. ಸುತ್ತ ಸಿಲ್ವರ್ ಮರ. ಮರ ಅಡ್ಡ ಬರಲ್ವಾ ಅಂದರೆ, "ಸೆನ್ಸಿಟಿವ್ ಸಾರ್, ಸಣ್ಣ ಗಾಳಿನೂ ಹಿಡಿಯುತ್ತೆ." ಹವಾಮಾನದವರು ಬಯಲಲ್ಲಿ 10 ಮೀಟರ್ ಎತ್ತರದಲ್ಲಿ ಅಳೆಯುತ್ತಾರೆ. ಅಕ್ಕಪಕ್ಕ ಮರವೋ ಕಟ್ಟಡವೋ ಇದ್ದರೆ ಅದರ ಎತ್ತರದ 10 ಪಟ್ಟಾದರೂ ದೂರ ಇರಬೇಕು. ಇವನು ಮರದ ಮಗ್ಗುಲಲ್ಲೇ ನಿಲ್ಲಿಸಿ ದುಡ್ಡು ಎಣಿಸಿಕೊಂಡ.

ಡಯಲ್ಲಿನ ಎಡಗಡೆ ಕೆಂಪು, ಬಲಗಡೆ ಹಸಿರು. ಮಧ್ಯೆ ಒಂದು ದೋಣಿ ಚಿತ್ರ. ಇದೇನಪ್ಪಾ ಅಂತ ಕೇಳಿದೆ. "ಕಂಪನಿ ಲೋಗೋ ಸಾರ್." ಬಣ್ಣ ಯಾಕೆ? "ಹಸಿರಲ್ಲಿ ಮುಳ್ಳಿದ್ರೆ ಸ್ಪ್ರೇ ಹೊಡೆಸಿ, ಕೆಂಪಿಗೆ ಬಂದ್ರೆ ನಿಲ್ಲಿಸಿ." ಎಷ್ಟು ಸಲೀಸಾಗಿ ಹೇಳಿದ ನೋಡಿ! ಕಣ್ಣು ಕೂಡ ಮಿಟುಕಿಸಲಿಲ್ಲ. ಗಾಳಿಯ ವೇಗ ಕಿಲೋಮೀಟರಿನಲ್ಲಿ ಅಂತಲೂ ಅವನೇ ಹೇಳಿದ್ದು.

ಮಳೆಗಾಲಕ್ಕೆ ಮೊದಲು ಬೋರ್ಡೋ ಶುರು ಮಾಡಿಸಿದೆ. ಮುಳ್ಳು ಹಸಿರಲ್ಲಿ, ವೇಗ 8. ಸ್ವಲ್ಪ ಹೊತ್ತಿಗೆ ಮೇಸ್ತ್ರಿ ಮುಖ ಮೈಯೆಲ್ಲ ನೀಲಿ ಮಾಡಿಕೊಂಡು ಬಂದರು. "ಸಾಹುಕಾರ್ರೇ, ನಿಮ್ಮ ಮಿಷಿನ್ನಿಗೆ ಒಂದ್ಸಲ ಇಲ್ಲಿ ಬಂದು ನಿಂತ್ಕೊಳ್ಳೋಕೆ ಹೇಳಿ." ಆಳುಗಳೆಲ್ಲ ನಕ್ಕರು. ನಾನೇನು ಹೇಳಲಿ?

ಜುಲೈನಲ್ಲಂತೂ ಮಳೆ ನೈಋತ್ಯದಿಂದ, ಚಾರ್ಮಾಡಿ ಘಾಟಿ ಕಡೆಯಿಂದ ಬಾರಿಸುತ್ತಿದೆ, ಯಂತ್ರ ಮಾತ್ರ 45 ಡಿಗ್ರಿ, ಈಶಾನ್ಯ ಅನ್ನುತ್ತಿದೆ. ಫೋನ್ ಮಾಡಿದೆ. "ಮಲೆನಾಡಲ್ಲಿ ಗಾಳಿ ಬೆಟ್ಟಕ್ಕೆ ಹೊಡೆದು ತಿರುಗಿ ಬರುತ್ತೆ ಸಾರ್, ಕಾಮನ್ನು." ಇನ್ನೊಮ್ಮೆ ಮಾಡಿದರೆ ಸಾಫ್ಟ್‌ವೇರ್ ಅಪ್‌ಡೇಟ್ ಆಗಬೇಕಂತೆ.

ನಿಜ ಗೊತ್ತಾಗಿದ್ದು ಮಂಗಳೂರಲ್ಲಿ ದೋಣಿ ಕೆಲಸ ಮಾಡುವ ನಮ್ಮ ಭಾವಮೈದ ಬಂದಾಗ. ಮನೆ ತುಂಬ ನೆಂಟರು. ಎಲ್ಲರೆದುರು, "ಭಾವ, ಶೆಡ್ಡನ್ನ ಯಾವಾಗ ನೀರಿಗಿಳಿಸ್ತೀರಿ?" ಅಂದ. ದೋಣಿಯಲ್ಲಿ ಆ ಕಡ್ಡಿ ಮೂತಿಯ ಕಡೆಗೆ ಇರಬೇಕಂತೆ. ಕಂಬ, ಹಾಯಿ ಗಾಳಿಯನ್ನು ಕೆಡಿಸುತ್ತವೆ, ಅದಕ್ಕೇ ಮುಂದಕ್ಕೆ ಚಾಚಿರುವುದು. ಈ ಸೆನ್ಸರಿಗೆ ಉತ್ತರ ದಿಕ್ಕು ಗೊತ್ತೇ ಇಲ್ಲ. ಮೂತಿಯಿಂದ ಎಷ್ಟು ಡಿಗ್ರಿ ಅಂತ ಮಾತ್ರ ಹೇಳುತ್ತದೆ, ಉಳಿದದ್ದಕ್ಕೆ ದೋಣಿಯ ದಿಕ್ಸೂಚಿ ಬೇಕು. ನಮ್ಮ ಶೆಡ್ಡಿನ ಮೂತಿ ದಕ್ಷಿಣಕ್ಕೆ, ಹಾಗಾಗಿ ನೈಋತ್ಯದ ಗಾಳಿ ಈಶಾನ್ಯ ಆಗಿದೆ. ಕೆಂಪು ದೋಣಿಯ ಎಡಮಗ್ಗುಲು, ಹಸಿರು ಬಲಮಗ್ಗುಲು. ಸ್ಪ್ರೇಗೂ ಅದಕ್ಕೂ ಸಂಬಂಧವೇ ಇಲ್ಲ! ವೇಗವೂ ನಾಟ್ ಲೆಕ್ಕದ್ದು. 1 ನಾಟ್ ಅಂದರೆ ಗಂಟೆಗೆ 1.852 ಕಿಲೋಮೀಟರ್. ಅವತ್ತಿನ 8 ಅಂದರೆ ಹತ್ತಿರ ಹತ್ತಿರ 15. ಅದೂ ಮರದ ಮರೆಯಲ್ಲಿ. ಮೇಸ್ತ್ರಿ ನೀಲಿ ಆಗದೆ ಇನ್ನೇನು?

ಮತ್ತೆ ಫೋನ್ ಮಾಡಿ ಚೆನ್ನಾಗಿ ಬೈದೆ. ಅವನ ಉತ್ತರ ಕೇಳಿ: "ಗಾಳಿ ಗಾಳಿನೇ ಅಲ್ವಾ ಸಾರ್? ದೋಣಿಗೆ ಬೇರೆ, ತೋಟಕ್ಕೆ ಬೇರೆ ಇರುತ್ತಾ?" ದುಡ್ಡು ವಾಪಸ್ ಕೊಡು ಅಂದರೆ, ಕಂಬಕ್ಕೆ ಬಿಗಿದ ಮಾಲು ವಾಪಸ್ ತಗೊಳ್ಳಲ್ಲವಂತೆ. ಕಡ್ಡಿಯನ್ನು ಉತ್ತರಕ್ಕೆ ತಿರುಗಿಸಲು ಸರ್ವೀಸ್ ಚಾರ್ಜ್ ಬೇರೆಯಂತೆ! ಬಿಲ್ಲಿನಲ್ಲಿ ಬರೆದಿರುವುದು ಸುಮ್ನೆ "ಹವಾಮಾನ ಉಪಕರಣ". ಮಾಡೆಲ್ ಹೆಸರೂ ಇಲ್ಲ, ಜಗಳ ಆಡೋಕೂ ದಾರಿ ಇಲ್ಲ.

ಬಿಲ್ಲಿನಲ್ಲಿ ಮಾಡೆಲ್ ಬರೆಸಿ. ಉತ್ತರದ ಗುರುತು ಎಲ್ಲಿದೆ ಅಂತ ಕೇಳಿ, ಮೊಬೈಲಿನ ದಿಕ್ಸೂಚಿ ಹಿಡಿದು ನೀವೇ ನೋಡಿ. ಮರದ ಪಕ್ಕ ಬಿಗಿಯೋಕೆ ಬಿಡಬೇಡಿ. ಅಲ್ಲಿಯವರೆಗೆ ಒಂದು ರೂಪಾಯಿ ಕೊಡಬೇಡಿ. ಆ ಮನುಷ್ಯ ಈಗ ಸಕಲೇಶಪುರ ಕಡೆ ಓಡಾಡುತ್ತಿದ್ದಾನೆ ಅಂತ ಕೇಳಿದೆ. ಡಯಲ್ಲಿನಲ್ಲಿ ದೋಣಿ ಕಂಡರೆ ಗೇಟಿನಿಂದಲೇ ಕಳಿಸಿ.