ನೀರಿನ ಕೊಳವೆ ಮತ್ತು ಸಂಕಟ: ವೈದ್ಯಕೀಯ ಕಾಲೇಜಿಗೆ ಮುಂಚಿನ ನನ್ನ ಎರಡು ವರ್ಷಗಳು

ದಾವಣಗೆರೆಯಲ್ಲಿರುವ ನನ್ನ ಚಿಕ್ಕಮ್ಮನ ಮಗಳು ದ್ವಿತೀಯ ಪಿಯುಸಿ ಮುಗಿಸಿ, ನೀಟ್ ಬರೆದು, ಹದಿನೆಂಟಕ್ಕೇ ಎಂಬಿಬಿಎಸ್ ಸೇರಿದಳು. ಅಮೆರಿಕದಲ್ಲಿ ಬೆಳೆದ ನಾನು ಇಪ್ಪತ್ತಮೂರು ದಾಟಿದರೂ ಅರ್ಜಿಯನ್ನೇ ಹಾಕಿರಲಿಲ್ಲ. ಇಲ್ಲಿ ಸಾಮಾನ್ಯವಾಗಿ ನಾಲ್ಕು ವರ್ಷದ ಪದವಿ ಮುಗಿದ ಮೇಲೆಯೇ ವೈದ್ಯಕೀಯ ಕಾಲೇಜು. ಅದಕ್ಕೆ ಇಲ್ಲಿನ ಪ್ರವೇಶ ಪರೀಕ್ಷೆಯಾದ ಎಂಕ್ಯಾಟ್‌ನ ಅಂಕವೊಂದೇ ಸಾಲದು. ಅರ್ಜಿಯಲ್ಲಿ ಹೆಚ್ಚೆಂದರೆ 15 ಅನುಭವಗಳನ್ನು ಬರೆಯಬಹುದು, ಅವುಗಳಲ್ಲಿ ಮೂರನ್ನು ಅತ್ಯಂತ ಅರ್ಥಪೂರ್ಣವೆಂದು ಗುರುತಿಸಬಹುದು. ಹಾಗಾಗಿ ಪದವಿಯ ನಂತರ ಅನೇಕರು ಒಂದೆರಡು ವರ್ಷ ನಿಂತು, ಸಂಶೋಧನೆಗೋ ರೋಗಿಗಳ ಹತ್ತಿರದ ಕೆಲಸಕ್ಕೋ ಸೇರುತ್ತಾರೆ. ನಾನು ಎರಡನ್ನೂ ಒಂದೊಂದು ವರ್ಷ ಮಾಡಿದೆ. ಒಂದನ್ನೇ ಆರಿಸಬೇಕಾದವರಿಗೆ ಯಾವುದು ಒಳ್ಳೆಯದು?

ಮೊದಲನೆಯದು ಪ್ರಯೋಗಾಲಯ. ಇಲಿಗಳ ಕಿವಿಯ ಚೂರಿನಿಂದ ಡಿಎನ್‌ಎ ತೆಗೆದು, ಅದರ ಪ್ರತಿಗಳನ್ನು ಹೆಚ್ಚಿಸುವ ಪಿಸಿಆರ್ ಯಂತ್ರಕ್ಕೆ ಹಾಕಿ, ಜೆಲ್ ಮೇಲೆ ಮೂಡುವ ಗೆರೆಗಳಿಂದ ಯಾವ ಇಲಿಯಲ್ಲಿ ನಮಗೆ ಬೇಕಾದ ಜೀನ್ ಇದೆ ಎಂದು ಗುರುತಿಸುವುದು ನನ್ನ ಕೆಲಸ. ಪ್ರತಿ ಸಲವೂ ಒಂದು ಕೊಳವೆಗೆ ಡಿಎನ್‌ಎ ಬದಲು ಬರೀ ನೀರು ಹಾಕುತ್ತೇವೆ. ಅದರಲ್ಲಿ ಗೆರೆ ಮೂಡಬಾರದು. ಒಮ್ಮೆ ಮೂಡಿತು. ಎಲ್ಲೋ ಮಾಲಿನ್ಯ ಸೇರಿತ್ತು. ಅಷ್ಟೂ ಫಲಿತಾಂಶವನ್ನು ಎಸೆದು, ಪಿಪೆಟ್‌ನಿಂದ ಹಿಡಿದು ಕಿಣ್ವದವರೆಗೆ ಒಂದೊಂದನ್ನೇ ಬದಲಿಸುತ್ತಾ ಮೂರು ವಾರ ಹುಡುಕಿದೆ. ತಪ್ಪು ಸಿಕ್ಕಿದ್ದು ಎಲ್ಲರೂ ಬಳಸುತ್ತಿದ್ದ ನೀರಿನ ಬಾಟಲಿಯಲ್ಲಿ. ನನಗೆ ನಿಜವಾಗಿ ಸಂಶೋಧನೆ ಕಲಿಸಿದ್ದು ಆ ಮೂರು ವಾರಗಳು. ನನಗಿಷ್ಟವಾದ ಫಲಿತಾಂಶವನ್ನೇ ಮೊದಲು ಅನುಮಾನಿಸಬೇಕೆಂಬುದು ಆಗ ಮನಸ್ಸಿಗೆ ಇಳಿಯಿತು.

ಇನ್ನೊಂದು ಲಾಭವೂ ಇದೆ. ವರ್ಷವಿಡೀ ಒಬ್ಬರೇ ಮಾರ್ಗದರ್ಶಕರ ಕಣ್ಣೆದುರು ದುಡಿದರೆ ಅವರು ಬರೆಯುವ ಶಿಫಾರಸು ಪತ್ರದಲ್ಲಿ ನಾವು ನಾವಾಗಿಯೇ ಕಾಣುತ್ತೇವೆ. ಆಸ್ಪತ್ರೆಯಲ್ಲಿ ನಾನು ಹತ್ತಾರು ವೈದ್ಯರ ಜೊತೆ ಕೆಲಸ ಮಾಡಿದೆ. ಅವರಲ್ಲಿ ಹೆಚ್ಚಿನವರಿಗೆ ನನ್ನ ಹೆಸರೂ ನೆನಪಿರಲಿಲ್ಲ. ಸಂಬಳದ ಮಾತು ಬೇಡ, ಎರಡೂ ಕಡೆ ಬಾಡಿಗೆಗೆ ಸಾಕಾಗುವಷ್ಟೇ.

ಎರಡನೇ ವರ್ಷ ತುರ್ತು ಚಿಕಿತ್ಸಾ ವಿಭಾಗದಲ್ಲಿ ಸ್ಕ್ರೈಬ್ ಆಗಿದ್ದೆ. ವೈದ್ಯರು ರೋಗಿಯೊಡನೆ ಮಾತನಾಡುವಾಗ ಪಕ್ಕದಲ್ಲಿ ನಿಂತು ಟಿಪ್ಪಣಿ ಬರೆಯುವ ಕೆಲಸ. ರೋಗಿಯನ್ನು ಮುಟ್ಟುವಂತಿಲ್ಲ, ಸಲಹೆ ಕೊಡುವಂತಿಲ್ಲ. ಒಂದು ರಾತ್ರಿ ಮಗನ ಮನೆಗೆಂದು ಬಂದಿದ್ದ ಕನ್ನಡದ ಅಜ್ಜಿಯೊಬ್ಬರನ್ನು ಕರೆತಂದರು. ಫೋನಿನಲ್ಲಿ ದುಭಾಷಿ ಇದ್ದರು. ಎದೆನೋವಿದೆಯೇ ಎಂದು ಕೇಳಿದ್ದಕ್ಕೆ ಅಜ್ಜಿ, ‘ನೋವಲ್ಲಪ್ಪಾ, ಸಂಕಟ’ ಎಂದರು. ದುಭಾಷಿ ಅದನ್ನು ಮನಸ್ಸಿನ ದುಃಖ ಎಂಬರ್ಥದಲ್ಲಿ ದಾಟಿಸಿದರು. ವೈದ್ಯರು ಮನೆಯ ಚಿಂತೆಗಳ ಬಗ್ಗೆ ವಿಚಾರಿಸತೊಡಗಿದರು. ನನ್ನ ಬೆರಳುಗಳು ಕೀಲಿಮಣೆಯ ಮೇಲೆ ನಿಂತುಬಿಟ್ಟವು. ದುಭಾಷಿಯಾಗುವ ಅಧಿಕಾರ ನನಗಿರಲಿಲ್ಲ. ಆದರೂ, ‘ಎಲ್ಲಿ ಎಂದು ಕೈಯಿಟ್ಟು ತೋರಿಸಲು ಹೇಳಿಸುತ್ತೀರಾ?’ ಎಂದು ವೈದ್ಯರನ್ನು ಕೇಳಿದೆ. ಅಜ್ಜಿ ಮೇಲ್ಹೊಟ್ಟೆಯಿಂದ ಗಂಟಲಿನವರೆಗೆ ಅಂಗೈ ಎಳೆದು ತೋರಿಸಿದರು. ವಯಸ್ಸಾದ ಹೆಂಗಸರಲ್ಲಿ ಹೃದಯಾಘಾತ ಎಷ್ಟೋ ಸಲ ಹೀಗೆಯೇ ಕಾಣಿಸಿಕೊಳ್ಳುತ್ತದೆ. ಹೃದಯದ ಸ್ನಾಯುವಿಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಟ್ರೋಪೋನಿನ್‌ನ ಮೊದಲ ಪರೀಕ್ಷೆ ಸರಿಯಾಗಿಯೇ ಇತ್ತು. ಮೂರು ಗಂಟೆಯ ನಂತರದ್ದು ಏರಿತ್ತು.

ಆ ಮೂರು ಗಂಟೆಗಳಲ್ಲಿ ನೀರಿನ ಕೊಳವೆ ಮತ್ತೆ ಮತ್ತೆ ನೆನಪಾಯಿತು. ಪ್ರಯೋಗಾಲಯದಲ್ಲಿ ಅನುಮಾನ ಬಂದರೆ ಎಲ್ಲವನ್ನೂ ಎಸೆದು ಮೊದಲಿನಿಂದ ಶುರು ಮಾಡಬಹುದು. ಅಜ್ಜಿಯ ವಿಷಯದಲ್ಲಿ ಆ ಅವಕಾಶವಿಲ್ಲ. ಗೊತ್ತಿಲ್ಲದೆಯೇ ನಿರ್ಧರಿಸಬೇಕು, ನಿರ್ಧರಿಸಿದ ಮೇಲೂ ಅವರ ಪಕ್ಕದಲ್ಲೇ ಇರಬೇಕು. ನನಗೆ ಅದು ಸಾಧ್ಯವೇ ಎಂಬುದು ಆ ಕೋಣೆಯ ಹೊರಗೆ ಎಲ್ಲಿಯೂ ಗೊತ್ತಾಗುತ್ತಿರಲಿಲ್ಲ.

ಆದ್ದರಿಂದ, ಒಂದೇ ವರ್ಷವಿದ್ದರೆ ಆಸ್ಪತ್ರೆಯನ್ನೇ ಆರಿಸಿ ಎನ್ನುತ್ತೇನೆ. ಸಂಶೋಧನೆಗೆ ವೈದ್ಯಕೀಯ ಕಾಲೇಜಿನೊಳಗೂ ದಾರಿಯಿದೆ. ವೈದ್ಯರ ಪರವಾನಗಿಯ ಮೊದಲ ಹಂತವಾದ ಸ್ಟೆಪ್ 1 ಪರೀಕ್ಷೆ 2022ರ ಜನವರಿಯಿಂದ ಅಂಕಗಳಿಲ್ಲದೆ ಪಾಸು-ಫೇಲು ಮಾತ್ರ ಆಗಿರುವುದರಿಂದ, ರೆಸಿಡೆನ್ಸಿ ಎಂಬ ಪದವಿಯ ನಂತರದ ಆಸ್ಪತ್ರೆ ತರಬೇತಿಯ ಪೈಪೋಟಿಗಾಗಿ ವಿದ್ಯಾರ್ಥಿಗಳು ಹೇಗೂ ಅತ್ತ ತಿರುಗುತ್ತಾರೆ. ಎಂಡಿ-ಪಿಎಚ್‌ಡಿ, ಅಂದರೆ ಇಲ್ಲಿನ ವೈದ್ಯ ಪದವಿ ಮತ್ತು ಸಂಶೋಧನಾ ಪದವಿ ಎರಡನ್ನೂ ಮಾಡಬಯಸುವವರ ಮಾತು ಬೇರೆ. ಎರಡೂ ಪದವಿಗಳಿಗೆ ಸುಮಾರು ಎಂಟು ವರ್ಷ ಕೊಡುವವರು ಮೊದಲೇ ಪ್ರಯೋಗಾಲಯದಲ್ಲಿ ಕೈ ಪಳಗಿಸಿಕೊಂಡಿರಲೇಬೇಕು.

ಮತ್ತೊಮ್ಮೆ ಆರಿಸುವ ಅವಕಾಶ ಸಿಕ್ಕರೆ ನಾನು ಸ್ಕ್ರೈಬ್ ಆಗದೆ ನರ್ಸಿಂಗ್ ಸಹಾಯಕಿಯಾಗುತ್ತೇನೆ. ಅಮೆರಿಕದ ಕೇಂದ್ರ ಸರ್ಕಾರದ ನಿಯಮದಂತೆ ಅದಕ್ಕೆ ಕನಿಷ್ಠ 75 ಗಂಟೆಗಳ ತರಬೇತಿ ಸಾಕು, ಕೆಲವು ರಾಜ್ಯಗಳು ಹೆಚ್ಚು ಕೇಳುತ್ತವೆ. ರೋಗಿಗಳಿಗೆ ಸ್ನಾನ ಮಾಡಿಸುವ, ಮಗ್ಗುಲು ಬದಲಿಸುವ, ಊಟ ಮಾಡಿಸುವ ಕೆಲಸ ಅದು. ಆ ರಾತ್ರಿ ಅಜ್ಜಿ ಹಿಡಿದುಕೊಳ್ಳಲು ಕೈ ಚಾಚಿದಾಗ ನನ್ನ ಎರಡೂ ಕೈಗಳು ಕೀಲಿಮಣೆಯ ಮೇಲಿದ್ದವು.