ಎಕ್ಸ್‌ಟೆನ್ಶನ್ ಟ್ಯೂಬೋ, ಮ್ಯಾಕ್ರೋ ಲೆನ್ಸೋ?

ಮನೆಯಲ್ಲೇ ಕ್ಲೋಸಪ್ ಫೋಟೋ ತೆಗೆದು, ಹಿನ್ನೆಲೆ ಮಸುಕು ಮಾಡುವುದನ್ನು ಕಲಿಯಬೇಕು ಅಂತಿದ್ದೀರಾ? ಕೈಯಲ್ಲಿ 50 ಎಂಎಂ ಎಫ್/1.8 ಲೆನ್ಸ್ ಇದ್ದರೆ ಮೊದಲು ಎಕ್ಸ್‌ಟೆನ್ಶನ್ ಟ್ಯೂಬ್ ತಗೊಳ್ಳಿ, ಅಂದರೆ ಲೆನ್ಸ್ ಮತ್ತು ಕ್ಯಾಮೆರಾ ನಡುವೆ ಹಾಕುವ ಕೊಳವೆ. ಅದರೊಳಗೆ ಗಾಜೇ ಇರುವುದಿಲ್ಲ. ಲೆನ್ಸನ್ನು ಕ್ಯಾಮೆರಾದಿಂದ ಸ್ವಲ್ಪ ದೂರ ಹಿಡಿಯುತ್ತದೆ, ಅಷ್ಟೇ. 25 ಎಂಎಂ ಟ್ಯೂಬ್ ಹಾಕಿದರೆ ವಸ್ತು ಸೆನ್ಸರ್ (ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಫಲಕ) ಮೇಲೆ ಅದರ ನಿಜ ಗಾತ್ರದ ಅರ್ಧಕ್ಕಿಂತ ಜಾಸ್ತಿ ದೊಡ್ಡದಾಗಿ ಬೀಳುತ್ತದೆ. ಮಲ್ಲಿಗೆ ಮೊಗ್ಗಿಗೆ ಇಷ್ಟು ಧಾರಾಳ ಸಾಕು. ಕ್ಯಾಮೆರಾ ಲೆನ್ಸಿನ ಜೊತೆ ಮಾತಾಡಲು ಬೇಕಾದ ಎಲೆಕ್ಟ್ರಾನಿಕ್ ಕಾಂಟ್ಯಾಕ್ಟ್ ಇರುವ ಟ್ಯೂಬನ್ನೇ ಕೊಳ್ಳಿ. ಇಲ್ಲದಿದ್ದರೆ ಈಗಿನ ಬಹುತೇಕ ಲೆನ್ಸ್‌ಗಳಲ್ಲಿ ಅಪರ್ಚರ್, ಅಂದರೆ ಬೆಳಕು ಒಳಬಿಡುವ ಕಿಂಡಿ, ಬದಲಿಸಲು ಆಗದು. ಹಿನ್ನೆಲೆ ಎಷ್ಟು ಮಸುಕಾಗಬೇಕು ಅನ್ನುವುದು ಅದರ ಮೇಲೂ ನಿಂತಿದೆ, ಕಲಿಯಬೇಕಾದದ್ದೇ ಅದು ಅಲ್ವಾ?

ಕ್ಲೋಸಪ್‌ಗೆಂದೇ ಮಾಡಿದ 100 ಎಂಎಂ ಮ್ಯಾಕ್ರೋ ಲೆನ್ಸ್ ದುಬಾರಿ. ಆದರೆ ನಿಜ ಗಾತ್ರದವರೆಗೂ ಹೋಗುತ್ತದೆ, ದೂರದ್ದನ್ನೂ ತೆಗೆಯುತ್ತದೆ. ಟ್ಯೂಬ್ ಹಾಕಿದಾಗ ದೂರದ ಫೋಕಸ್ ಸಿಗುವುದಿಲ್ಲ. ಮ್ಯಾಕ್ರೋದಲ್ಲಿ ವಸ್ತುವಿಗೆ ತೀರಾ ಹತ್ತಿರ ಹೋಗಬೇಕಿಲ್ಲ, ಹಾಗಾಗಿ ಲೆನ್ಸಿನ ನೆರಳೂ ಕಾಡದು. ಇರುವೆ, ಜೇಡ ನಿಮ್ಮ ಆಸೆಯಾಗಿದ್ದರೆ ಇದೇ ಸರಿ.

ಮ್ಯಾಕ್ರೋ ಲೆನ್ಸಿನಲ್ಲಿ ಫೋಕಸ್ ಆಳ (ಹಿಂದೆ ಮುಂದೆ ಸ್ಪಷ್ಟವಾಗಿ ಕಾಣುವ ದೂರ) ತಾನಾಗಿಯೇ ಕಡಿಮೆ ಅನ್ನುವ ನಂಬಿಕೆ ಇದೆ. ಹಾಗಿಲ್ಲ. ವಸ್ತು ಸೆನ್ಸರ್ ಮೇಲೆ ಬೀಳುವ ಗಾತ್ರ ಮತ್ತು ಎಫ್ ಸಂಖ್ಯೆ (ಇದು ಹೆಚ್ಚಿದಷ್ಟೂ ಅಪರ್ಚರ್ ಕಿರಿದು) ಒಂದೇ ಆಗಿದ್ದರೆ ಟ್ಯೂಬಿನಲ್ಲೂ ಮ್ಯಾಕ್ರೋದಲ್ಲೂ ಆಳ ಹೆಚ್ಚುಕಡಿಮೆ ಅಷ್ಟೇ. ಫುಲ್ ಫ್ರೇಮ್ (36×24 ಮಿಲಿಮೀಟರ್ ಸೆನ್ಸರಿನ) ಕ್ಯಾಮೆರಾದಲ್ಲಿ ನಿಜ ಗಾತ್ರಕ್ಕೆ, ಎಫ್/2.8ರಲ್ಲಿ, ಸ್ಪಷ್ಟವಾಗಿ ಕಾಣುವುದು ಒಂದು ಮಿಲಿಮೀಟರಿನ ಮೂರನೇ ಒಂದು ಭಾಗ. ಸಾಸಿವೆ ಕಾಳಿನ ಮುಂಭಾಗ ಸ್ಪಷ್ಟವಾಗಿದ್ದರೆ ಅಂಚು ಆಗಲೇ ಕರಗಿರುತ್ತದೆ. ಎಫ್/8ಕ್ಕೆ ಹೋದರೆ ಸುಮಾರು ಒಂದು ಮಿಲಿಮೀಟರ್.

ಯಾವುದನ್ನೇ ಕೊಂಡರೂ ಕಿಟಕಿ ಪಕ್ಕ ಟ್ರೈಪಾಡ್ ಇಡಿ, ಫ್ಯಾನ್ ಆರಿಸಿ. ಫೋಕಸ್ ರಿಂಗ್ ಸುಮ್ನೆ ತಿರುಗಿಸುತ್ತಾ ಕೂರಬೇಡಿ, ವಸ್ತುವನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿ.